ಕಾಯಿ ಸುಲಿಯುವವರ ಮೊಣಕೈ ನೋವು: ಶಸ್ತ್ರಕ್ರಿಯೆಯಿಲ್ಲದ ಚಿಕಿತ್ಸೆಗಳ ತಾರತಮ್ಯ ವಿಚಾರ

ತಿಪಟೂರು, ತುರುವೇಕೆರೆ, ಚಿಕ್ಕನಾಯಕನಹಳ್ಳಿ ಸೀಮೆಯ ತೋಟದ ಯಜಮಾನರಿಗೆ ತೆಂಗಿನ ಮರಕ್ಕೆ ಬರತಕ್ಕ ರೋಗಗಳನ್ನು ಹೊಸದಾಗಿ ಹೇಳಿಕೊಡಬೇಕಾದ ಅವಶ್ಯಕತೆಯಿಲ್ಲ. ಕಾಂಡದಿಂದ ರಸ ಸೋರುವ ರೋಗ, ಅಣಬೆ ರೋಗ, ಕಪ್ಪುತಲೆ ಹುಳು, ನುಸಿ ಇವುಗಳ ಲಕ್ಷಣಗಳನ್ನೂ ನಿವಾರಣೋಪಾಯಗಳನ್ನೂ ಅವರು ಚೆನ್ನಾಗಿ ಬಲ್ಲರು. ಆದರೆ ಆ ಮರದ ಫಲವನ್ನು ಸುಲಿದು ಕೊಬ್ಬರಿ ಮಾಡಿಕೊಡುವ ಕೈಗೆ ಬರತಕ್ಕ ರೋಗವೊಂದುಂಟು. ಅದರ ಕಡೆಗೆ ನಮ್ಮ ಲಕ್ಷ್ಯವು ಸಾಕಷ್ಟು ಹರಿದಿಲ್ಲ. ಆ ಕೈ ಕೆಟ್ಟರೆ ಅಟ್ಟದ ಮೇಲಿನ ಕಾಯಿ ಅಟ್ಟದ ಮೇಲೆಯೇ ಉಳಿಯುತ್ತದೆ. ಕೂಲಿಯವನ ಮನೆಯಲ್ಲಿ ಒಲೆ ಹೊತ್ತುವುದೂ ಕಷ್ಟವಾಗುತ್ತದೆ. ಆದ್ದರಿಂದ ಈ ವಿಷಯವನ್ನು ಗ್ರಾಮದ ಹಿರಿಯರ ಮುಂದೆ ಇಡುವುದು ಯುಕ್ತವೆಂದು ಭಾವಿಸಿದ್ದೇನೆ.

ರೋಗದ ಸ್ವರೂಪ

ನಮ್ಮಲ್ಲಿ ಉಂಡೆ ಕೊಬ್ಬರಿಗಾಗಿ ಕಾಯಿಗಳನ್ನು ಹತ್ತು ಹನ್ನೊಂದು ತಿಂಗಳು ಅಟ್ಟದಲ್ಲಿಟ್ಟು, ಒಳಗಿನ ನೀರು ಇಂಗಿ ಗಿಟಕು ಅಲುಗಾಡುವ ಹದಕ್ಕೆ ಬಂದಮೇಲೆ ಸುಲಿಯುವುದು ವಾಡಿಕೆ. ನೆಲದಲ್ಲಿ ನೆಟ್ಟ ಕಬ್ಬಿಣದ ಈಟಿಗೆ ಕಾಯಿಯನ್ನು ಚುಚ್ಚಿ, ಮಣಿಕಟ್ಟನ್ನು ತಿರುಚಿ, ಮಟ್ಟೆಯನ್ನು ಎಬ್ಬಿಸಬೇಕು. ಒಂದು ಕಾಯಿಗೆ ಮೂರು ನಾಲ್ಕು ಸಲವಾದರೂ ಹೀಗೆ ಮಾಡಬೇಕಾಗುತ್ತದೆ. ದಿನಕ್ಕೆ ಸಾವಿರ ಕಾಯಿ ಸುಲಿಯುವ ಆಳು ಮೂರು ನಾಲ್ಕು ಸಾವಿರ ಸಲ ಬಿಗಿಹಿಡಿದು ತಿರುಚಿದಂತಾಯಿತು. ಮರುದಿನವೂ ಅದೇ ಕೆಲಸ. ಚಿಪ್ಪು ಒಡೆಯುವವರೂ, ಮಚ್ಚು ಹಿಡಿಯುವವರೂ ಇದೇ ರೀತಿಯ ಶ್ರಮಕ್ಕೆ ಒಳಗಾಗುತ್ತಾರೆ.

ಮಣಿಕಟ್ಟನ್ನು ಮೇಲಕ್ಕೆತ್ತುವ ಸ್ನಾಯುಗಳಲ್ಲಿ ಹೆಚ್ಚಿನವು ಮೊಣಕೈಯ ಹೊರಮಗ್ಗುಲಿನ ಮೂಳೆಯ ಗಂಟಿಗೆ ಗಟ್ಟಿಯಾದ ಹುರಿಯಂತಹ ಕಟ್ಟಿನಿಂದ ಅಂಟಿಕೊಂಡಿರುತ್ತವೆ. ನಮ್ಮ ಜನರು “ನರ ಎಳೆದುಕೊಂಡಿದೆ” ಎಂದು ಹೇಳುವುದುಂಟು. ವಾಸ್ತವವಾಗಿ ಕೆಡುವುದು ನರವಲ್ಲ, ಈ ಹುರಿ. ಹಳೆಯ ನಾರಿನ ಹಗ್ಗವು ರಾಟೆಯ ಮೇಲೆ ಉಜ್ಜಿ ಉಜ್ಜಿ ಎಳೆ ಬಿಡುವಂತೆ ಇದೂ ಎಳೆ ಬಿಡುತ್ತದೆ. ಇದನ್ನು ಬಹುಕಾಲ ಉರಿಯೂತವೆಂದೇ ತಿಳಿದಿದ್ದರು. ಹಳೆಯ ನೋವಿನಲ್ಲಿ ಪ್ರಧಾನವಾಗಿರುವುದು ಉರಿಯೂತವಲ್ಲ, ಎಳೆಗಳ ಸವಕಳಿಯೆಂಬುದು 1979ರಿಂದೀಚೆಗೆ ಸ್ಪಷ್ಟವಾಗಿದೆ. ಚಿಕಿತ್ಸೆಯ ತಾರತಮ್ಯವನ್ನು ತಿಳಿಯುವುದಕ್ಕೆ ಈ ಅಂಶವೇ ಮೂಲ.

ಇದಕ್ಕೆ ‘ಟೆನ್ನಿಸ್ ಮೊಣಕೈ’ ಎಂದು ಹೆಸರು. 1873ರಲ್ಲಿ ಜರ್ಮನಿಯ ರುಂಗೆ ಎಂಬ ವೈದ್ಯರು ಇದನ್ನು ಮೊದಲು ವರ್ಣಿಸಿದಾಗ ಅದು ಬರೆಯುವವರ ಕೈನೋವಾಗಿತ್ತು. ಇಂಗ್ಲೆಂಡಿನಲ್ಲಿ ಚೆಂಡಾಟದ ಹೆಸರು ಅಂಟಿಕೊಂಡದ್ದು ಆಮೇಲೆ. 2004ರಲ್ಲಿ ಸಚಿನ್ ತೆಂಡೂಲ್ಕರರು ಬೆಂಗಳೂರಿನ ಟೆಸ್ಟ್ ಪಂದ್ಯದಲ್ಲಿ ಆಡದೆ ಹೋದದ್ದು ಇದೇ ನೋವಿನಿಂದ. ಆದರೆ ಈ ರೋಗ ಬಂದವರಲ್ಲಿ ಬಹುಮಂದಿ ಟೆನ್ನಿಸನ್ನಾಗಲಿ ಕ್ರಿಕೆಟ್ಟನ್ನಾಗಲಿ ಆಡಿದವರೇ ಅಲ್ಲ. ಕೈಯಿಂದ ದುಡಿದು ತಿನ್ನುವವರು. ನಲವತ್ತು ವರ್ಷದ ಆಚೀಚೆಗೆ ಇದು ಹೆಚ್ಚು.

ಗುರುತಿಸುವ ಬಗೆ

ಮೊಣಕೈಯ ಹೊರಗಂಟನ್ನು ಒತ್ತಿದರೆ ನೋವು, ಅಂಗೈ ಕೆಳಗೆ ಮಾಡಿ ತುಂಬಿದ ಚೊಂಬನ್ನಾಗಲಿ ಕುರ್ಚಿಯನ್ನಾಗಲಿ ಎತ್ತಿದರೆ ನೋವು, ಬಟ್ಟೆ ಹಿಂಡಿದರೆ ನೋವು, ಹಿಡಿತದಲ್ಲಿ ಬಲವಿಲ್ಲ. ಇಷ್ಟಿದ್ದರೆ ಬಹುಮಟ್ಟಿಗೆ ಇದೇ ರೋಗವೆಂದು ಊಹಿಸಬಹುದು. ಬೆರಳುಗಳು ಜೋಮು ಹಿಡಿಯುವುದು, ಕುತ್ತಿಗೆಯಿಂದ ನೋವು ಇಳಿಯುವುದು, ಕೀಲು ಊದಿ ಬಿಸಿಯಾಗುವುದು, ಜ್ವರ ಬರುವುದು, ಬಿದ್ದ ಮೇಲೆ ಕೈ ಮಡಿಸಲಾಗದಿರುವುದು ಇವು ಬೇರೆ ರೋಗಗಳ ಲಕ್ಷಣಗಳು. ಅಂಥವರನ್ನು ತಡಮಾಡದೆ ತಾಲ್ಲೂಕು ಆಸ್ಪತ್ರೆಗೆ ಕಳುಹಿಸತಕ್ಕದ್ದು.

ಚಿಕಿತ್ಸೆಗಳ ಹೋಲಿಕೆ

1. ಸೂಜಿಮದ್ದು: ನೋವಿನ ಜಾಗಕ್ಕೆ ಸ್ಟೀರಾಯ್ಡ್ ಔಷಧವನ್ನು ಚುಚ್ಚುವುದು. ಕೆಲವೇ ದಿನಗಳಲ್ಲಿ ನೋವು ಇಳಿಯುವುದರಿಂದ ಸುಗ್ಗಿಯ ಕಾಲದಲ್ಲಿ ಆಳೂ ಯಜಮಾನನೂ ಇದನ್ನೇ ಬಯಸುತ್ತಾರೆ. 2002ರಲ್ಲಿ ನೆದರ್ಲೆಂಡ್ಸ್ ದೇಶದಲ್ಲಿ 185 ಮಂದಿ ರೋಗಿಗಳನ್ನು ಮೂರು ಗುಂಪು ಮಾಡಿ ನಡೆಸಿದ ಪರೀಕ್ಷೆಯ ಫಲವನ್ನು ವಾಚಕರು ಗಮನಿಸಬೇಕು. ಆರು ವಾರಗಳ ಕೊನೆಗೆ ಗುಣ ಕಂಡವರು ಸೂಜಿಮದ್ದಿನವರಲ್ಲಿ ನೂರಕ್ಕೆ 92, ಅಂಗಸಾಧನೆ ಮೊದಲಾದ ಭೌತಚಿಕಿತ್ಸೆಯವರಲ್ಲಿ 47, ಬರಿದೆ ಕಾದವರಲ್ಲಿ 32. ಒಂದು ವರ್ಷದ ಕೊನೆಗಾದರೋ ಲೆಕ್ಕವು ತಿರುಗಿತು: ಸೂಜಿಮದ್ದಿನವರಲ್ಲಿ 69, ಭೌತಚಿಕಿತ್ಸೆಯವರಲ್ಲಿ 91, ಕಾದವರಲ್ಲಿ 83. 2013ರಲ್ಲಿ ಆಸ್ಟ್ರೇಲಿಯಾದಲ್ಲಿ 165 ಮಂದಿಯ ಮೇಲೆ ನಡೆದ ಪರೀಕ್ಷೆಯಲ್ಲಿಯೂ, ಸೂಜಿಮದ್ದು ಪಡೆದವರಲ್ಲಿ ನೂರಕ್ಕೆ 54 ಮಂದಿಗೆ ನೋವು ಮರುಕಳಿಸಿತು. ಔಷಧವಿಲ್ಲದ ಸೂಜಿ ಪಡೆದವರಲ್ಲಿ 12 ಮಂದಿಗೆ ಮಾತ್ರ. ಹೆಚ್ಚಾಗಿ, ಸೂಜಿ ಚುಚ್ಚಿದ ಕಡೆ ಚರ್ಮ ಬಿಳಿಚಿ ತೆಳ್ಳಗಾಗುವುದುಂಟು. ಸಕ್ಕರೆ ಕಾಯಿಲೆಯವರಿಗೆ ರಕ್ತದ ಸಕ್ಕರೆ ಕೆಲವು ದಿನ ಏರುತ್ತದೆ.

2. ನೋವಿನ ಮಾತ್ರೆ ಮತ್ತು ಲೇಪ: ಮೇಲೆ ಹಚ್ಚುವ ನೋವುನಿವಾರಕ ಲೇಪದಿಂದ ಕೆಲವು ವಾರಗಳ ಮಟ್ಟಿಗೆ ಸ್ವಲ್ಪ ಉಪಶಮನವುಂಟು. ಮಾತ್ರೆಗಳನ್ನು ಅಂಗಡಿಯಿಂದ ತಂದು ತಿಂಗಳುಗಟ್ಟಲೆ ನುಂಗಿದರೆ ಹೊಟ್ಟೆಯಲ್ಲಿ ಹುಣ್ಣೂ, ಮೂತ್ರಪಿಂಡಕ್ಕೆ ಹಾನಿಯೂ ಆಗಬಹುದು. ಎರಡೂ ನೋವನ್ನು ಮರೆಸುತ್ತವೆ, ಹುರಿಯನ್ನು ಸರಿಪಡಿಸುವುದಿಲ್ಲ.

3. ಪಟ್ಟಿ: ಮೊಣಕೈಯಿಂದ ಎರಡು ಬೆರಳಷ್ಟು ಕೆಳಗೆ, ಮುಂಗೈಯ ದಪ್ಪ ಸ್ನಾಯುವಿನ ಮೇಲೆ ಕಟ್ಟುವ ಪಟ್ಟಿಯಿಂದ ಕೆಲವರಿಗೆ ಕೆಲಸದ ಹೊತ್ತಿನಲ್ಲಿ ಅನುಕೂಲವಾಗುತ್ತದೆ, ಕೆಲವರಿಗೆ ಇಲ್ಲ. ಬೆರಳು ಜೋಮು ಹಿಡಿಯುವಷ್ಟು ಬಿಗಿಯಬಾರದು, ರಾತ್ರಿ ಬಿಚ್ಚಿಡಬೇಕು.

4. ರಕ್ತದ ಸಾರದ ಸೂಜಿ ಮತ್ತು ಅಲೆಯ ಯಂತ್ರ: ರೋಗಿಯ ರಕ್ತವನ್ನೇ ತೆಗೆದು ಸಾರ ಮಾಡಿ ಚುಚ್ಚುವ ಕ್ರಮವು ಪಟ್ಟಣಗಳಲ್ಲಿ ಪ್ರಚಾರದಲ್ಲಿದೆ, ಖರ್ಚೂ ಹೆಚ್ಚು. ಹಲವು ಪರೀಕ್ಷೆಗಳನ್ನು ಒಟ್ಟುಗೂಡಿಸಿ ನೋಡಿದ 2021ರ ವಿಮರ್ಶೆಯಲ್ಲಿ ಇದರಿಂದ ಹೇಳಿಕೊಳ್ಳುವಂಥ ಪ್ರಯೋಜನ ಕಂಡುಬರಲಿಲ್ಲ. ಆಘಾತದ ಅಲೆಗಳನ್ನು ಹಾಯಿಸುವ ಯಂತ್ರದ ವಿಷಯದಲ್ಲಿಯೂ 2005ರಲ್ಲಿ ಇಂಥದೇ ತೀರ್ಮಾನವಾಯಿತು. ಇವಕ್ಕಾಗಿ ಸಾಲ ಮಾಡುವುದು ಉಚಿತವಲ್ಲ.

5. ಎಣ್ಣೆ, ಶಾಖ, ಬರೆ: ಹದವಾಗಿ ಎಣ್ಣೆ ನೀವಿ ಬಿಸಿನೀರಿನ ಶಾಖ ಕೊಟ್ಟರೆ ಹಿತವಾಗುತ್ತದೆ, ಹಾನಿಯಿಲ್ಲ. ಬರೆ ಹಾಕಿಸುವುದು ಮಾತ್ರ ಸರ್ವಥಾ ಕೂಡದು. ಅದರಿಂದ ರೋಗ ಹೋಗುವುದಿಲ್ಲ. ಗಾಯ ಕೀವಾಗಿ ಇನ್ನೊಂದು ರೋಗ ಬರುತ್ತದೆ.

6. ಅಂಗಸಾಧನೆ: ಖರ್ಚಿಲ್ಲದ್ದು, ನಿಧಾನವಾದದ್ದು, ನಿಲ್ಲತಕ್ಕದ್ದು. ಕುಳಿತು ಮುಂಗೈಯನ್ನು ತೊಡೆಯ ಮೇಲಿಟ್ಟು, ಅಂಗೈ ಕೆಳಮುಖವಾಗಿ ಹಸ್ತವು ಮಂಡಿಯಿಂದಾಚೆಗೆ ಚಾಚಿರುವಂತೆ ಮಾಡಬೇಕು. ಇನ್ನೊಂದು ಕೈಯ ಸಹಾಯದಿಂದ ಹಸ್ತವನ್ನು ಮೇಲಕ್ಕೆತ್ತಿ, ಸಹಾಯವನ್ನು ಬಿಟ್ಟು, ಐದು ಎಣಿಸುವಷ್ಟು ಹೊತ್ತು ಮೆಲ್ಲಗೆ ಇಳಿಸಬೇಕು. ಹತ್ತರಿಂದ ಹದಿನೈದು ಸಲ, ಮೂರು ಆವೃತ್ತಿ, ದಿನಕ್ಕೊಮ್ಮೆ. ಮೊದಲು ಬರಿಗೈ, ಆಮೇಲೆ ಅರ್ಧ ಲೀಟರು ನೀರು ತುಂಬಿದ ಸೀಸೆಯನ್ನು ಹಿಡಿದು, ಕ್ರಮೇಣ ಇನ್ನೂ ಸ್ವಲ್ಪ ತೂಕ. ಸ್ವಲ್ಪ ನೋವಾದರೆ ಚಿಂತೆಯಿಲ್ಲ. ಮರುದಿನಕ್ಕೂ ಹೆಚ್ಚಾಗಿ ಉಳಿದರೆ ತೂಕವನ್ನು ಇಳಿಸಬೇಕು. ಎಂಟರಿಂದ ಹನ್ನೆರಡು ವಾರ ಬಿಡದೆ ಮಾಡಿದರೇನೇ ಫಲ. ಮೊದಲ ಸಲ ಭೌತಚಿಕಿತ್ಸಕರಿಂದ ನೋಡಿ ಕಲಿತರೆ ಉತ್ತಮ.

ನಾನು ಕಂಡ ಸಂಗತಿ

ತುರುವೇಕೆರೆ ತಾಲ್ಲೂಕಿನ ಒಂದು ಗ್ರಾಮದಲ್ಲಿ ಇಪ್ಪತ್ತು ವರ್ಷ ಕಾಯಿ ಸುಲಿದ ಆಳೊಬ್ಬನಿಗೆ ಈ ನೋವು ಬಂದಿತು. ಸುಲಿತದ ಕಾಲವಾದ್ದರಿಂದ ಸೂಜಿಮದ್ದು ಹಾಕಿಸಿಕೊಂಡು ಮೂರನೆಯ ದಿನವೇ ಈಟಿಯ ಮುಂದೆ ನಿಂತನು. ಎರಡು ತಿಂಗಳಲ್ಲಿ ನೋವು ಮರಳಿತು. ಇನ್ನೊಂದು ಸೂಜಿ, ಮತ್ತೆ ಕೆಲಸ, ಮತ್ತೆ ನೋವು. ಮೂರನೆಯದಾದ ಮೇಲೆ ಕಾಫಿಯ ಲೋಟವನ್ನೂ ಬಲಗೈಯಲ್ಲಿ ಎತ್ತಲಾರದೆ ಹೋದನು. ಚಿಕಿತ್ಸೆಗೆಂದು ಯಜಮಾನರಲ್ಲಿ ಪಡೆದ ಮುಂಗಡವೂ ತಲೆಯ ಮೇಲೆ ಉಳಿಯಿತು. “ಸ್ವಾಮಿ, ಕೈ ಹೋದಮೇಲೆ ನಾನು ಯಾತರವನು?” ಎಂದು ಅವನು ನನ್ನನ್ನು ಕೇಳಿದಾಗ ಉತ್ತರ ಕೊಡುವುದು ನನಗೆ ಸುಲಭವಾಗಲಿಲ್ಲ.

ಯಜಮಾನರು ವಿವೇಕಿಗಳು. ಅವನನ್ನು ಬಿಡಿಸದೆ ನಾಲ್ಕು ತಿಂಗಳು ತೋಟಕ್ಕೆ ನೀರು ಕಟ್ಟುವುದು, ಕಾಯಿ ಎಣಿಸಿ ಲೆಕ್ಕವಿಡುವುದು ಈ ಕೆಲಸಗಳನ್ನು ಕೊಟ್ಟರು. ಅವನು ಮೇಲೆ ಹೇಳಿದ ಅಂಗಸಾಧನೆಯನ್ನು ನಡೆಸಿದನು. ಈಗ ಮೊದಲಿನ ಅರ್ಧದಷ್ಟು ಕಾಯಿ ಸುಲಿಯುತ್ತಾನೆ. ಪೂರ್ವದ ಬಲವು ಪೂರ್ತಿಯಾಗಿ ಬಂದಿಲ್ಲ. ಮೊದಲ ನೋವಿನಲ್ಲಿಯೇ ಈ ನಾಲ್ಕು ತಿಂಗಳನ್ನು ಕೊಟ್ಟಿದ್ದರೆ ಒಂದು ವರ್ಷ ಉಳಿಯುತ್ತಿತ್ತೆಂದು ಯಜಮಾನರೇ ಹೇಳಿದರು.

ಯಜಮಾನರು ಮಾಡಬಹುದಾದದ್ದು

ಸಾವಿರ ಕಾಯಿಗೆ ಇಷ್ಟೆಂದು ಕೂಲಿ ಗೊತ್ತುಮಾಡಿದಲ್ಲಿ ಆಳು ನೋವನ್ನು ಮುಚ್ಚಿಟ್ಟು ದುಡಿಯುತ್ತಾನೆ. ನೋವೆಂದವನಿಗೆ ಕೆಲವು ವಾರ ದಿನಗೂಲಿಯ ಹಗುರ ಕೆಲಸ ಕೊಡುವ ಪದ್ಧತಿಯನ್ನು ಗ್ರಾಮದಲ್ಲಿ ಹಿರಿಯರು ಏರ್ಪಡಿಸಬೇಕು. ಒಬ್ಬನೇ ದಿನವೆಲ್ಲಾ ಸುಲಿಯದೆ, ಸುಲಿಯುವುದು, ಹೊರುವುದು, ರಾಶಿ ಹಾಕುವುದು ಇವನ್ನು ಸರದಿಯ ಮೇಲೆ ಹಂಚಬೇಕು. ಈಟಿಯ ಮೊನೆ ಮೊಂಡಾಗದಂತೆ ನೋಡಿಕೊಂಡು, ಅದರ ಎತ್ತರವನ್ನು ಆಳಿನ ಮೈಕಟ್ಟಿಗೆ ಹೊಂದಿಸಬೇಕು. ಕೇರಳ ಕೃಷಿ ವಿಶ್ವವಿದ್ಯಾನಿಲಯದವರು ರಚಿಸಿದ ‘ಕೇರಮಿತ್ರ’ ಎಂಬ ಸನ್ನೆಯ ಉಪಕರಣದಲ್ಲಿ ಮಣಿಕಟ್ಟಿನ ತಿರುಚುವಿಕೆ ಕಡಿಮೆ. ಹೆಚ್ಚು ಕಾಯಿ ಇರುವವರು ಕೂಡಿ ಯಂತ್ರ ತರಿಸುವುದೂ ಆಗಬಹುದು.

ಈ ರೋಗವು ಬಹುಮಂದಿಗೆ ಒಂದು ವರ್ಷದೊಳಗೆ ತಾನಾಗಿಯೇ ಇಳಿಯತಕ್ಕದ್ದು. ಶಸ್ತ್ರಕ್ರಿಯೆ ಬೇಕಾಗುವವರು ಅತಿ ವಿರಳ. ಬೇಕಾದದ್ದು ಕಾಲ, ಕ್ರಮವಾದ ಸಾಧನೆ, ಹಗುರವಾದ ಕೆಲಸ. ಮೊದಲ ಎರಡನ್ನು ಆಳು ತಾನೇ ಮಾಡಿಕೊಂಡಾನು. ಮೂರನೆಯದು ಯಜಮಾನರ ಕೈಯಲ್ಲಿದೆ. ರಸ ಸೋರುವ ಮರವನ್ನು ಕಡಿಯದೆ ವರ್ಷಗಟ್ಟಲೆ ಆರೈಕೆ ಮಾಡುವ ನಮ್ಮ ಸೀಮೆಯವರು, ಆ ಮರದ ಕಾಯಿ ಸುಲಿಯುವ ಕೈಗೆ ನಾಲ್ಕು ತಿಂಗಳ ಅವಕಾಶವನ್ನು ಕೊಡಲಾರರೆಂದು ನಾನು ನಂಬುವುದಿಲ್ಲ.