ಅಣಬೆ ಬೇಸಾಯ ಮತ್ತು ನಮ್ಮ ಯುವಜನರು

ದಾಂಡೇಲಿ, ಹಳಿಯಾಳ, ಜೋಯಿಡಾ ಹಾಗೂ ಮುಂಡಗೋಡ ತಾಲೂಕುಗಳ ಕಥೋಲಿಕ ಮನೆಗಳಲ್ಲಿ ಕೇಳಿಬರುವ ಚಿಂತೆ ಒಂದೇ: ಓದು ಮುಗಿಸಿದ ಮಗ ಗೋವೆಗೆ ಹೋಗಬೇಕೋ, ಹುಬ್ಬಳ್ಳಿಗೋ? 1955ರಲ್ಲಿ ದಾಂಡೇಲಿಯಲ್ಲಿ ಕಾಗದದ ಕಾರ್ಖಾನೆ ಸ್ಥಾಪನೆಯಾದ ಬಳಿಕ ದೂರದೂರದವರು ಕೆಲಸವನ್ನರಸಿ ಇಲ್ಲಿಗೆ ಬಂದರು. ಇಂದು ಇಲ್ಲಿಯ ಮಕ್ಕಳೇ ಹೊರಡುತ್ತಿದ್ದಾರೆ. ಜಮೀನಿಲ್ಲದ ಕುಟುಂಬಗಳಿಗಂತೂ ಊರಿನಲ್ಲಿ ಉಳಿಯುವ ದಾರಿ ಇನ್ನೂ ಕಿರಿದು. ಒಂದು ಕೋಣೆಯಿದ್ದರೆ ಮಾಡಬಹುದಾದ ಅಣಬೆ ಬೇಸಾಯದ ಕಡೆಗೆ ನಾವು ಗಮನ ಸೆಳೆಯುತ್ತಿರುವುದು ಇದಕ್ಕಾಗಿಯೇ.

ಅಣಬೆ ನಮ್ಮವರಿಗೆ ಹೊಸದಲ್ಲ. ಮಳೆಗಾಲದಲ್ಲಿ ಜೋಯಿಡಾದ ಕಾಡಂಚಿನ ಹುತ್ತಗಳಲ್ಲಿ ಏಳುವ ಅಣಬೆಯ ರುಚಿಯನ್ನು ಬಲ್ಲವರೇ ಬಲ್ಲರು. ಆದರೆ ಅದು ಗೆದ್ದಲಿನ ಆಶ್ರಯದಲ್ಲಿ ಬೆಳೆಯತಕ್ಕದ್ದು. ಮನೆಯೊಳಗೆ ಬೆಳೆಸಲು ಬರುವುದಿಲ್ಲ. ನಾವು ಹೇಳುತ್ತಿರುವುದು ಭತ್ತದ ಹುಲ್ಲಿನ ಮೇಲೆ ಬೆಳೆಯುವ ಚಿಪ್ಪಣಬೆಯ ವಿಚಾರ. ಹುಲ್ಲನ್ನು ಎರಡು ಅಂಗುಲದ ತುಂಡುಗಳಾಗಿ ಕತ್ತರಿಸಿ, ರಾತ್ರಿ ನೆನೆಸಿ, ಬಿಸಿನೀರಿನಲ್ಲಿ ಬೇಯಿಸಿ, ಹಿಂಡಿದರೆ ನೀರು ತೊಟ್ಟಿಕ್ಕದಷ್ಟು ಆರಿಸಬೇಕು. ಪ್ಲಾಸ್ಟಿಕ್ ಚೀಲದಲ್ಲಿ ಹುಲ್ಲನ್ನೂ ಅಣಬೆ ಬೀಜವನ್ನೂ ಪದರ ಪದರವಾಗಿ ತುಂಬಿ, ಗಾಳಿಯಾಡಲು ಸಣ್ಣ ತೂತುಗಳನ್ನು ಮಾಡಿ, ಕತ್ತಲೆಯಲ್ಲಿ ಎರಡು ಮೂರು ವಾರ ಇರಿಸಿದರೆ ಹುಲ್ಲೆಲ್ಲ ಬೆಳ್ಳಗಾಗುತ್ತದೆ. ಅನಂತರ ಚೀಲವನ್ನು ಸೀಳಿ ತೂಗುಹಾಕಿ, ದಿನವೂ ನೀರು ಸಿಂಪಡಿಸಿದರೆ ಸುಮಾರು ಒಂದು ವಾರದಲ್ಲಿ ಮೊದಲ ಕೊಯ್ಲು. ನಮ್ಮ ಮಲೆನಾಡಿನ ತೇವ ಇದಕ್ಕೆ ಹೇಳಿ ಮಾಡಿಸಿದಂತಿದೆ. ಬೇಸಿಗೆಯ ಸೆಕೆಗೆ ಹಾಲಣಬೆ ಹೊಂದುತ್ತದೆ. ಒಂದು ಎಚ್ಚರಿಕೆ: ಚಿಪ್ಪಣಬೆಯ ಬೀಜಕಣಗಳಿಂದ ಕೆಲವರಿಗೆ ಕೆಮ್ಮು, ಉಬ್ಬಸ ಬರುವುದುಂಟು, ಕೊಯ್ಯುವಾಗ ಮೂಗು ಬಾಯಿಗೆ ಬಟ್ಟೆ ಕಟ್ಟಿಕೊಳ್ಳಬೇಕು.

ಬೀಜ ಎಂದರೆ ಜೋಳ ಮುಂತಾದ ಕಾಳುಗಳ ಮೇಲೆ ಬೆಳೆಸಿದ ಶಿಲೀಂಧ್ರ. ಬೆಂಗಳೂರಿನ ಹೆಸರಘಟ್ಟದ ತೋಟಗಾರಿಕೆ ಸಂಶೋಧನಾ ಸಂಸ್ಥೆ ಅದನ್ನು ತಯಾರಿಸುತ್ತದೆ. ಸಮೀಪದ ಧಾರವಾಡ ಕೃಷಿ ವಿಶ್ವವಿದ್ಯಾಲಯದಲ್ಲೂ ವಿಚಾರಿಸಬಹುದು. ಗ್ರಾಮೀಣ ಯುವಜನರಿಗೆ ಉಚಿತ ತರಬೇತಿ ನೀಡುವ ಕೆನರಾ ಬ್ಯಾಂಕ್ ದೇಶಪಾಂಡೆ ಸ್ವ-ಉದ್ಯೋಗ ಸಂಸ್ಥೆ ಹಳಿಯಾಳದಲ್ಲೇ ಇದೆ.

ಇನ್ನು ಲೆಕ್ಕಾಚಾರ. ಉತ್ಸಾಹಿಗಳು ಎಡವುವುದು ಇಲ್ಲಿಯೇ. ಒಂದು ಕಿಲೋ ಒಣಹುಲ್ಲಿಗೆ ಅರ್ಧದಿಂದ ಮುಕ್ಕಾಲು ಕಿಲೋ ಅಣಬೆ ಬಂದೀತು. ಕಿಲೋ ಹುಲ್ಲಿನ 20 ಚೀಲ ಕಟ್ಟಿದವನಿಗೆ ಎರಡು ತಿಂಗಳೊಳಗೆ ಸಿಗುವುದು ಹೆಚ್ಚೆಂದರೆ 15 ಕಿಲೋ. ಅದು ಮನೆಖರ್ಚಿಗೆ ನೆರವು, ಉದ್ಯೋಗವಲ್ಲ. ದಿನಕ್ಕೆ 5 ಕಿಲೋ ಮಾರಬೇಕಾದರೆ ತಿಂಗಳಿಗೆ 200ರಿಂದ 300 ಚೀಲ ಕಟ್ಟಬೇಕು. ಒಬ್ಬನಿಗೆ ಇದು ಭಾರ. ನಾಲ್ಕೈದು ಮನೆಗಳು ಕೂಡಿದರೆ ಸಾಧ್ಯ. ದುಡಿಮೆ ಮನುಷ್ಯನಿಗಾಗಿ ಇದೆಯೇ ಹೊರತು ಮನುಷ್ಯ ದುಡಿಮೆಗಾಗಿ ಅಲ್ಲ ಎಂಬ ವಿಚಾರವನ್ನು ಪೋಪ್ ದ್ವಿತೀಯ ಜಾನ್ ಪೌಲರು 1981ರ ತಮ್ಮ ವಿಶ್ವಪತ್ರದಲ್ಲಿ ಪ್ರತಿಪಾದಿಸಿದ್ದರು. ಸಾಲ ಮಾಡಿ ದೊಡ್ಡ ಶೆಡ್ ಕಟ್ಟಿ, ಬಳಿಕ ಆ ಸಾಲಕ್ಕಾಗಿಯೇ ದುಡಿಯುವವರನ್ನು ಕಂಡಾಗ ನಮಗೆ ಆ ಮಾತು ನೆನಪಾಗುತ್ತದೆ.

ಹಸಿ ಚಿಪ್ಪಣಬೆ ಹೊರಗಿಟ್ಟರೆ ಒಂದೆರಡು ದಿನಕ್ಕಿಂತ ಹೆಚ್ಚು ತಾಳದು. ಒಣಗಿಸಿದರೆ ಹತ್ತು ಕಿಲೋ ಒಂದಾಗುತ್ತದೆ. ಆದಕಾರಣ ಬೆಳೆಯುವ ಮೊದಲೇ ಕೊಳ್ಳುವವರನ್ನು ಹುಡುಕಬೇಕು. ದಾಂಡೇಲಿ, ಜೋಯಿಡಾದ ಪ್ರವಾಸಿ ವಸತಿಗೃಹಗಳು, ಮುಂಡಗೋಡದ ಟಿಬೆಟನ್ ಕ್ಯಾಂಪಿನ ಹೋಟೆಲುಗಳು ಕಣ್ಣೆದುರಿಗೇ ಇವೆ. ನಮ್ಮ ಅಡುಗೆಮನೆಗಳನ್ನೇಕೆ ಮರೆಯಬೇಕು? ಶುಕ್ರವಾರಗಳಲ್ಲೂ ತಪಸ್ಸುಕಾಲದಲ್ಲೂ ಮಾಂಸ ವರ್ಜಿಸುವ ಮನೆಗಳು ಪ್ರತಿ ಧರ್ಮಕೇಂದ್ರದಲ್ಲಿವೆ. ವಾರಕ್ಕೆ ಕಾಲು ಕಿಲೋ ಕೊಳ್ಳಲು ಒಪ್ಪುವ ಮನೆಗಳ ಹೆಸರನ್ನು ನಮ್ಮ ಯುವಜನರು ಭಾನುವಾರದ ಬಲಿಪೂಜೆಯ ನಂತರ ದೇವಾಲಯದ ಅಂಗಳದಲ್ಲೇ ಬರೆದುಕೊಳ್ಳಲಿ. ಮೊದಲ ಚೀಲ ಕಟ್ಟುವುದು ಆಮೇಲೆ.