ಸವೆದ ಬೆರಳೂ ಗಾಜಿನ ಫಲಕವೂ

ಮುಪ್ಪಿನಲ್ಲಿ ಕಣ್ಣು ಮಂಜಾಗುವುದನ್ನೂ ಕಿವಿ ಮಂದವಾಗುವುದನ್ನೂ ಹಲ್ಲು ಉದುರುವುದನ್ನೂ ಎಲ್ಲರೂ ಬಲ್ಲರು. ಬೆರಳಿನ ತುದಿಗೂ ಮುಪ್ಪು ಬರುವುದೆಂಬುದನ್ನು ಮಾತ್ರ ನಮ್ಮ ಹಿರಿಯರು ಎಣಿಸಿರಲಿಲ್ಲ. ಎಣಿಸಬೇಕಾದ ಪ್ರಸಂಗವೂ ಅವರಿಗೆ ಒದಗಿರಲಿಲ್ಲ. ಈಗ ಒದಗಿದೆ. ನ್ಯಾಯಬೆಲೆ ಅಂಗಡಿಯಲ್ಲಿ ಅಕ್ಕಿ ಪಡೆಯುವುದಕ್ಕೂ, ಊರಿಗೆ ಬರುವ ಬ್ಯಾಂಕಿನ ಪ್ರತಿನಿಧಿಯಿಂದ ವೃದ್ಧಾಪ್ಯ ವೇತನದ ಹಣ ತೆಗೆಯುವುದಕ್ಕೂ ಒಂದು ಸಣ್ಣ ಗಾಜಿನ ಫಲಕದ ಮೇಲೆ ಬೆರಳನ್ನು ಒತ್ತಬೇಕು. ಯಂತ್ರವು ಒಪ್ಪಿದರೆ ಕೆಲಸ ಅರ್ಧ ನಿಮಿಷದ್ದು. ಒಪ್ಪದಿದ್ದರೆ, ಎಂಬತ್ತು ವರ್ಷದ ಅಜ್ಜಿಯೊಬ್ಬಳು ಬೆರಳನ್ನು ಸೆರಗಿಗೆ ಒರೆಸಿ ಒರೆಸಿ ಮತ್ತೆ ಮತ್ತೆ ಒತ್ತುತ್ತಾಳೆ. ಕೊನೆಗೆ “ನಾಳೆ ಬಾ ಅಜ್ಜಿ” ಎನ್ನಿಸಿಕೊಂಡು ಬರಿಗೈಯಲ್ಲಿ ಹಿಂದಿರುಗುತ್ತಾಳೆ. ಬೆರಳು ಅವಳದೇ. ಆದರೂ ತಾಳೆ ಬೀಳಲಿಲ್ಲ. ಇದು ಹೇಗೆ?

ಇದಕ್ಕೆ ಉತ್ತರವು ಬಹುಮಟ್ಟಿಗೆ ಭೌತಶಾಸ್ತ್ರದಲ್ಲಿದೆ. ಕಾಲೇಜಿನಲ್ಲಿ ಕಲಿಸುವ ಸಂಪೂರ್ಣ ಆಂತರಿಕ ಪ್ರತಿಫಲನವೆಂಬ ವಿಷಯವೇ ಇಲ್ಲಿ ಅಜ್ಜಿಯ ಅಕ್ಕಿಯನ್ನು ತಡೆದು ನಿಂತಿದೆ ಎಂದರೆ ಉತ್ಪ್ರೇಕ್ಷೆಯಾಗದು.

ಮೊದಲು ಒಂದು ಪ್ರಯೋಗ. ಇದಕ್ಕೆ ಪ್ರಯೋಗಶಾಲೆ ಬೇಡ. ನುಣುಪಾದ ಗಾಜಿನ ಲೋಟವೊಂದರಲ್ಲಿ ಮುಕ್ಕಾಲು ನೀರು ತುಂಬಿ ಕೈಯಲ್ಲಿ ಹಿಡಿಯಿರಿ. ನೀರಿನ ಮೇಲ್ಮೈಯ ಮೂಲಕ ಓರೆಯಾಗಿ ಕೆಳಗೆ, ಲೋಟದ ಒಳಗೋಡೆಯನ್ನು ನೋಡಿ. ಗೋಡೆಯು ಬೆಳ್ಳಿಯ ರೇಕಿನಂತೆ ಹೊಳೆಯುತ್ತದೆ. ಹೊರಗಿನದು ಏನೂ ಕಾಣದು. ಆದರೆ ಬೆರಳು ಗಾಜನ್ನು ಒತ್ತಿರುವೆಡೆಗಳಲ್ಲಿ ಹೊಳಪು ಅಳಿದು, ಬೆರಳಿನ ಗೆರೆಗಳು ಒಂದೊಂದಾಗಿ ಮೂಡಿರುತ್ತವೆ. ಈಗ ಬೆರಳುಗಳನ್ನು ಚೆನ್ನಾಗಿ ಒರೆಸಿ ಒಣಗಿಸಿ ಹಿಡಿಯಿರಿ: ಗೆರೆಗಳು ತುಂಡುತುಂಡಾಗುತ್ತವೆ. ಕೊಂಚ ತೇವ ಮಾಡಿ ಹಿಡಿಯಿರಿ: ಮತ್ತೆ ಸ್ಫುಟವಾಗುತ್ತವೆ. ಮನೆಯಲ್ಲಿ ಅಜ್ಜನೋ ಅಜ್ಜಿಯೋ ಇದ್ದರೆ ಅವರ ಕೈಗೂ ಅದೇ ಲೋಟವನ್ನು ಕೊಟ್ಟು ನೋಡಬೇಕು. ಮೊಮ್ಮಗನ ಬೆರಳಿಗೂ ಅವರ ಬೆರಳಿಗೂ ಇರುವ ಅಂತರವು ಕಣ್ಣಿಗೆ ಕಟ್ಟುತ್ತದೆ.

ಇದರ ಕಾರಣವನ್ನು ನೋಡೋಣ. ಬೆಳಕು ಗಾಜಿನಿಂದ ಗಾಳಿಗೆ ಹೊರಡುವಾಗ ಬಾಗುತ್ತದೆ. ಅದು ಗಾಜಿನ ಮೇಲ್ಮೈಯನ್ನು ಹೆಚ್ಚು ಓರೆಯಾಗಿ ತಾಗಿದಷ್ಟೂ ಹೆಚ್ಚು ಬಾಗಿ, ಒಂದು ನಿಯತ ಕೋನವನ್ನು ಮೀರಿದ ಮೇಲೆ ಹೊರಗೆ ಹೋಗಲಾರದೆ ಪೂರ್ತಿಯಾಗಿ ಒಳಕ್ಕೇ ಹಿಂದಿರುಗುತ್ತದೆ. ಈ ಕೋನಕ್ಕೆ ಕ್ರಾಂತಿಕೋನವೆಂದು ಹೆಸರು. ಸಾಮಾನ್ಯ ಗಾಜಿನ ವಕ್ರೀಭವನಾಂಕ ಸುಮಾರು 1.5, ಅದಕ್ಕೂ ಗಾಳಿಗೂ ನಡುವಣ ಕ್ರಾಂತಿಕೋನ ಸುಮಾರು 42 ಡಿಗ್ರಿ. ಬೆರಳಚ್ಚಿನ ಯಂತ್ರಗಳಲ್ಲಿ ಬಹಳ ಬಳಕೆಯಲ್ಲಿರುವ ಒಂದು ಬಗೆಯಲ್ಲಿ, ಗಾಜಿನ ಅಶ್ರಗದ ಮೇಲ್ಮೈಗೆ ಒಳಗಿನಿಂದ ಸುಮಾರು 45 ಡಿಗ್ರಿ ಓರೆಯಲ್ಲಿ ಬೆಳಕನ್ನು ಬಿಡುತ್ತಾರೆ. ಮೇಲೆ ಗಾಳಿ ಮಾತ್ರ ಇದ್ದರೆ ಬೆಳಕೆಲ್ಲ ಹಿಂದಿರುಗಿ ಕ್ಯಾಮರಾಕ್ಕೆ ಬರುತ್ತದೆ. ಚರ್ಮದ ವಕ್ರೀಭವನಾಂಕ ಸುಮಾರು 1.4. ಅದು ಗಾಜನ್ನು ಮುಟ್ಟಿದೆಡೆಯಲ್ಲಿ ಕ್ರಾಂತಿಕೋನವು 69 ಡಿಗ್ರಿಗೆ ಏರುವುದರಿಂದ 45 ಡಿಗ್ರಿಯ ಬೆಳಕಿಗೆ ತಡೆಯಿಲ್ಲ. ಅದು ಚರ್ಮದೊಳಕ್ಕೆ ನುಗ್ಗಿ ಕಳೆದುಹೋಗುತ್ತದೆ. ಹೀಗೆ ಬೆರಳಿನ ಏಣುಗಳು ಕಪ್ಪಾಗಿಯೂ ಅವುಗಳ ನಡುವಣ ತಗ್ಗುಗಳು ಬೆಳ್ಳಗೂ ಚಿತ್ರದಲ್ಲಿ ಮೂಡುತ್ತವೆ.

ಮುಟ್ಟುವುದು ಎಂದರೇನು? ನಮ್ಮ ವ್ಯವಹಾರದ ಮುಟ್ಟುವಿಕೆ ಬೆಳಕಿಗೆ ಸಾಲದು. ಬೆಳಕಿನ ಅಲೆಯ ಉದ್ದವು ಒಂದು ಮಿಲಿಮೀಟರಿನ ಸಾವಿರದಲ್ಲೊಂದು ಭಾಗಕ್ಕಿಂತಲೂ ಕಡಿಮೆ. ಗಾಜಿಗೂ ಚರ್ಮಕ್ಕೂ ನಡುವೆ ಅಷ್ಟು ಮಾತ್ರದ ಗಾಳಿಯ ಪೊರೆ ಉಳಿದರೂ ಸಾಕು, ಬೆಳಕು ಚರ್ಮವನ್ನು ಅರಿಯದೆ ಹಿಂದಿರುಗಿಬಿಡುತ್ತದೆ. ಎಳೆಯರ ಬೆರಳು ಮೃದು. ಒತ್ತಿದೊಡನೆ ಗಾಜಿಗೆ ಅಂಟುತ್ತದೆ. ಏಣಿನ ಉದ್ದಕ್ಕೂ ಇರುವ ಬೆವರಿನ ರಂಧ್ರಗಳಿಂದ ಜಿನುಗುವ ತೇವವು ಉಳಿದ ಸೂಕ್ಷ್ಮ ಸಂದುಗಳನ್ನು ತುಂಬುತ್ತದೆ. ಮುದುಕರಲ್ಲಿ ಚರ್ಮದ ಸ್ಥಿತಿಸ್ಥಾಪಕತ್ವ ಕುಗ್ಗಿರುತ್ತದೆ, ಬೆವರು ಕಡಿಮೆಯಾಗಿರುತ್ತದೆ, ಏಣುಗಳು ತಗ್ಗಿರುತ್ತವೆ, ಅಡ್ಡಡ್ಡಲಾಗಿ ಸುಕ್ಕುಗಳು ಬಿದ್ದಿರುತ್ತವೆ. ಒಣಗಿದ ಒರಟು ಏಣು ಗಾಜನ್ನು ಅಲ್ಲಲ್ಲಿ ಚುಕ್ಕಿಗಳಲ್ಲಿ ಮಾತ್ರ ಮುಟ್ಟುತ್ತದೆ. ಚಿತ್ರದಲ್ಲಿ ಗೆರೆಗೆ ಬದಲು ಚುಕ್ಕಿಗಳ ಸಾಲು ಬರುತ್ತದೆ.

ವಯಸ್ಸಿನ ಜೊತೆಗೆ ದುಡಿಮೆಯೂ ಸೇರುತ್ತದೆ. ಏಣಿನ ಎತ್ತರ ಒಂದು ಮಿಲಿಮೀಟರಿನ ಹತ್ತನೆಯ ಒಂದು ಭಾಗವೂ ಇಲ್ಲ. ನಾಟಿ, ಕಳೆ ಕೀಳುವುದು, ಪಾತ್ರೆ ತಿಕ್ಕುವುದು, ಕಲ್ಲು ಹೊರುವುದು, ಸುಣ್ಣ ಸಿಮೆಂಟುಗಳ ಕ್ಷಾರದಲ್ಲಿ ಕೈಯಾಡಿಸುವುದು, ಇವುಗಳಲ್ಲಿ ನಲವತ್ತು ಐವತ್ತು ವರ್ಷ ಕಳೆದ ಬೆರಳಿನಲ್ಲಿ ಉಳಿಯುವುದೆಷ್ಟು? ನಿಜ, ಗೆರೆಗಳ ಮೂಲ ಅಚ್ಚು ಚರ್ಮದ ಒಳಪದರದಲ್ಲಿದೆ. ತಾಯಿಯ ಗರ್ಭದಲ್ಲಿಯೇ ಸಿದ್ಧವಾದ ಅಚ್ಚು ಅದು. ಮೇಲಿನ ಪದರ ಸವೆದರೂ ಅದೇ ಅಚ್ಚಿನಂತೆ ಹೊಸತು ಬೆಳೆಯುತ್ತದೆ. ಕೆಲವು ವಾರಗಳ ಬಿಡುವು ಕೊಟ್ಟರೆ ಗೆರೆಗಳು ಮರಳಿ ಬರುತ್ತವೆ. ಆದರೆ ಮುಪ್ಪಿನಲ್ಲಿ ಈ ಬೆಳವಣಿಗೆ ನಿಧಾನ. ಅದಕ್ಕಿಂತ ಮುಖ್ಯವಾಗಿ, ಮಕ್ಕಳು ಊರು ಬಿಟ್ಟುಹೋದ ಮನೆಯಲ್ಲಿ ಒಬ್ಬಂಟಿಯಾಗಿರುವ ಮುದುಕಿಗೆ ಬಿಡುವು ಎಲ್ಲಿಂದ ಬರಬೇಕು? ಪಿಂಚಣಿಯ ಅಗತ್ಯ ಯಾರಿಗೆ ಹೆಚ್ಚೋ ಅವರ ಬೆರಳೇ ಹೆಚ್ಚು ಸವೆದಿರುವುದು.

ಬೆರಳಚ್ಚಿಗೂ ಪಿಂಚಣಿಗೂ ಇರುವ ನಂಟು ಇಂದಿನದಲ್ಲ. 1858ರಲ್ಲಿ ಬಂಗಾಳದ ಜಂಗೀಪುರದಲ್ಲಿದ್ದ ವಿಲಿಯಂ ಹರ್ಷೆಲ್ ಎಂಬ ಆಂಗ್ಲ ಅಧಿಕಾರಿಯು ರಸ್ತೆಯ ಸಾಮಗ್ರಿಯ ಕರಾರಿನ ಮೇಲೆ ರಾಜ್ಯಧರ ಕೋನಾಯಿ ಎಂಬ ಗುತ್ತಿಗೆದಾರನ ಅಂಗೈಯ ಅಚ್ಚನ್ನು ಪಡೆದನು. 1877ರಲ್ಲಿ ಹೂಗ್ಲಿಯಲ್ಲಿದ್ದಾಗ ಅದೇ ಅಧಿಕಾರಿಯು ಪಿಂಚಣಿದಾರರಿಂದ ಬೆರಳಚ್ಚು ತೆಗೆದುಕೊಳ್ಳುವ ಪದ್ಧತಿಯನ್ನು ಆರಂಭಿಸಿದನು. ಸತ್ತವರ ಹೆಸರಿನಲ್ಲಿ ಇತರರು ಹಣ ಪಡೆಯದಿರಲೆಂಬುದು ಉದ್ದೇಶ. ಈತನು ಯುರೇನಸ್ ಗ್ರಹವನ್ನು ಕಂಡುಹಿಡಿದ ಖಗೋಳಜ್ಞ ಹರ್ಷೆಲನ ಮೊಮ್ಮಗ. ಆ ತಾತನ ಇನ್ನೊಂದು ಶೋಧವೂ ನಮ್ಮ ಕಥೆಗೆ ಬೇಕಾಗಿ ಬರುತ್ತದೆ.

ಹರ್ಷೆಲನ ಕಾಲದಲ್ಲಿ ಅಚ್ಚನ್ನು ತಾಳೆ ನೋಡುತ್ತಿದ್ದುದು ಮನುಷ್ಯನ ಕಣ್ಣು. ಅರ್ಧ ಅಳಿಸಿದ ಅಚ್ಚನ್ನೂ ಕಣ್ಣು ಊಹಿಸಿ ಪೂರ್ತಿ ಮಾಡಿಕೊಳ್ಳಬಲ್ಲದು. ಎದುರಿಗೆ ನಿಂತ ಮನುಷ್ಯನ ಮುಖವೂ ಅದಕ್ಕೆ ಕಾಣುತ್ತದೆ. ಯಂತ್ರದ ದಾರಿ ಬೇರೆ. ಏಣುಗಳ ನಡುವಣ ಅಂತರ ಸುಮಾರು ಅರ್ಧ ಮಿಲಿಮೀಟರು. ಅಷ್ಟರಲ್ಲಿ ಯಂತ್ರಕ್ಕೆ ದೊರೆಯುವುದು ಹತ್ತು ಚಿತ್ರಬಿಂದುಗಳು. ಅದು ಏಣುಗಳು ಎಲ್ಲೆಲ್ಲಿ ಮುಗಿಯುತ್ತವೆ, ಎಲ್ಲೆಲ್ಲಿ ಕವಲೊಡೆಯುತ್ತವೆ ಎಂಬುದನ್ನು ಗುರುತಿಸಿ, ಮೊದಲು ದಾಖಲಾದ ಗುರುತುಗಳೊಡನೆ ಹೋಲಿಸುತ್ತದೆ. ಸುಕ್ಕಿನಿಂದ ಏಣು ತುಂಡಾದರೆ ಇಲ್ಲದ ತುದಿಗಳು ಹುಟ್ಟಿಕೊಳ್ಳುತ್ತವೆ. ಸವೆದರೆ ಇದ್ದ ಕವಲುಗಳು ಮಾಯವಾಗುತ್ತವೆ. ಆಧಾರ್ ಸಂಖ್ಯೆಯನ್ನು ಕೊಡಲು ಆರಂಭಿಸಿದ್ದು 2010ರ ಸೆಪ್ಟೆಂಬರಿನಲ್ಲಿ. 2011ರಲ್ಲಿ 65 ವರ್ಷದವರಾಗಿ ಹತ್ತು ಬೆರಳು ಕೊಟ್ಟವರು 2025ರಲ್ಲಿ 79ನ್ನು ಮುಟ್ಟಿದರು. ನಡುವೆ ದಾಖಲೆಯನ್ನು ಹೊಸದಾಗಿಸದಿದ್ದರೆ ಯಂತ್ರವು ಇಂದಿಗೂ ಹುಡುಕುವುದು ಆ ಹಳೆಯ ಬೆರಳನ್ನೇ.

ಹೋಲಿಕೆಯು ಇಷ್ಟಿದ್ದರೆ ಸಾಕೆಂಬ ಮಿತಿಯನ್ನು ಸಡಿಲಿಸಬಾರದೆ ಎಂದು ಕೇಳಬಹುದು. ಸಡಿಲಿಸಿದರೆ ಬೇರೊಬ್ಬನ ಬೆರಳನ್ನೂ ಯಂತ್ರವು ಒಪ್ಪೀತು. ಬಿಗಿಗೊಳಿಸಿದರೆ ನಿಜವಾದವನನ್ನು ತಳ್ಳೀತು. ಈ ಎರಡು ತಪ್ಪುಗಳೂ ಒಟ್ಟಿಗೆ ಶೂನ್ಯವಾಗುವ ಮಿತಿ ಯಾವುದೂ ಇಲ್ಲ. ಕಳ್ಳನು ಒಳಬರುವ ತಪ್ಪು ಲೆಕ್ಕದಲ್ಲಿ ಕಾಣುತ್ತದೆ; ಹಕ್ಕುದಾರಳು ಹೊರಗುಳಿಯುವ ತಪ್ಪು ಉಳಿತಾಯವೆಂದು ಕಂಡುಬಿಡಬಹುದು. ನಮ್ಮ ಅಭಿಪ್ರಾಯದಲ್ಲಿ ಈ ಎರಡನೆಯದೇ ಹೆಚ್ಚು ಎಚ್ಚರಿಕೆಯಿಂದ ನೋಡತಕ್ಕದ್ದು.

ಸರಾಸರಿಯೆಂಬುದು ಇಲ್ಲಿ ಇನ್ನೊಂದು ಮೋಸ ಮಾಡುತ್ತದೆ. ಉದಾಹರಣೆಗಾಗಿ, ನೂರು ಮಂದಿ ವೃದ್ಧರಿರುವ ಊರೊಂದರಲ್ಲಿ ಯಂತ್ರವು ನೂರು ಸಲಕ್ಕೆ ಮೂರು ಸಲ ತಪ್ಪುತ್ತದೆಂದು ಭಾವಿಸೋಣ. ಈ ತಪ್ಪು ನಾಣ್ಯ ಚಿಮ್ಮಿದಂತೆ ಎಲ್ಲರಿಗೂ ಸಮನಾಗಿ ಬರುವಂಥದಾದರೆ, ಒಬ್ಬರಿಗೆ ಸತತವಾಗಿ ಮೂರು ಬಾರಿ ತಪ್ಪುವ ಸಂಭವ ಹತ್ತು ಲಕ್ಷಕ್ಕೆ 27 ಮಾತ್ರ. “ಇನ್ನೊಮ್ಮೆ ಒತ್ತಿ” ಎಂಬ ಉಪದೇಶ ಸರಿಯಾದದ್ದೇ. ಆದರೆ ಬೆರಳು ನಾಣ್ಯವಲ್ಲ. ತೊಂಬತ್ತೇಳು ಮಂದಿಗೆ ಎಂದೂ ತಪ್ಪದೆ, ಉಳಿದ ಮೂವರಿಗೆ ಪ್ರತಿ ತಿಂಗಳೂ ತಪ್ಪಿದರೂ ಸರಾಸರಿ ಅದೇ ನೂರಕ್ಕೆ ಮೂರು. ಆ ಮೂವರಿಗೆ ಯಂತ್ರವು ನೂರಕ್ಕೆ ನೂರು ಕೆಟ್ಟದ್ದು.

2011ರ ಜನಗಣತಿಯಲ್ಲಿ ಭಾರತದ 60 ದಾಟಿದವರ ಸಂಖ್ಯೆ ಸುಮಾರು 10.4 ಕೋಟಿ; ಅವರಲ್ಲಿ 7.3 ಕೋಟಿ ಜನ ಹಳ್ಳಿಗಳವರು. ಬಡ ವೃದ್ಧರಿಗೆ ಕೇಂದ್ರದ ಪಿಂಚಣಿ ಮೊದಲಾದದ್ದು 1995ರ ಆಗಸ್ಟ್ 15ರಂದು, ತಿಂಗಳಿಗೆ 75 ರೂಪಾಯಿಯಂತೆ. 2006ರಲ್ಲಿ ಅದು 200 ಆಯಿತು. 80 ದಾಟಿದವರಿಗೆ 2011ರಿಂದ 500. ರಾಜ್ಯಗಳು ತಮ್ಮ ಪಾಲನ್ನು ಸೇರಿಸುತ್ತವೆ. ಕರ್ನಾಟಕದಲ್ಲಿ 2007ರಿಂದ ಸಂಧ್ಯಾ ಸುರಕ್ಷಾ ಯೋಜನೆಯೂ ಉಂಟು. ಮೊತ್ತ ಚಿಕ್ಕದೆಂದು ಪಟ್ಟಣದವರಿಗೆ ತೋರೀತು. ಒಂದು ತಿಂಗಳ ಉಪ್ಪು, ಬೇಳೆ, ರಕ್ತದೊತ್ತಡದ ಮಾತ್ರೆ, ಎಲೆಯಡಿಕೆ ಇವಿಷ್ಟೂ ಅದರಿಂದಲೇ ಬರಬೇಕಾದ ಮನೆಗಳಿವೆ.

ಬೆರಳಿಗೆ ಬದಲಾಗಿ ಕಣ್ಣಿನ ಪಾಪೆಯ ಸುತ್ತಲಿನ ಬಣ್ಣದ ಪರದೆಯನ್ನು ಗುರುತಿಸುವ ಯಂತ್ರವುಂಟು. ಅದು ಪಾರದರ್ಶಕ ಪೊರೆಯ ಹಿಂದೆ ಅಡಗಿರುವುದರಿಂದ ಕಳೆ ಕಿತ್ತರೂ ಪಾತ್ರೆ ತಿಕ್ಕಿದರೂ ಸವೆಯದು. ಯಂತ್ರವು ಅದನ್ನು ಕಣ್ಣಿಗೆ ಕಾಣದ ಅವಕೆಂಪು ಕಿರಣಗಳ ಬೆಳಕಿನಲ್ಲಿ ಚಿತ್ರಿಸುತ್ತದೆ. ಈ ಕಿರಣಗಳನ್ನು 1800ರಲ್ಲಿ ಶೋಧಿಸಿದವನು ಮೇಲೆ ಹೇಳಿದ ತಾತ ಹರ್ಷೆಲನೇ! ಮೊಮ್ಮಗನ ಉಪಾಯ ಸೋತಲ್ಲಿ ತಾತನ ಶೋಧ ನೆರವಿಗೆ ಬರುತ್ತದೆ. ಆದರೂ ರೆಪ್ಪೆ ಇಳಿಬಿದ್ದ ಕಣ್ಣು, ಶಸ್ತ್ರಚಿಕಿತ್ಸೆಯಾದ ಕಣ್ಣು ಇವುಗಳಲ್ಲಿ ಇದಕ್ಕೂ ತೊಡಕುಂಟು. ಚರ್ಮದೊಳಕ್ಕೆ ಬೆಳಕು ಹಾಯಿಸಿ ಒಳಪದರದ ಮೂಲ ಅಚ್ಚನ್ನೇ ಓದುವ ಯಂತ್ರಗಳೂ ಇವೆ. ಅವುಗಳ ಬೆಲೆ ಹೆಚ್ಚು. ಪಿಂಚಣಿದಾರರ ಜೀವಿತ ಪ್ರಮಾಣಪತ್ರಕ್ಕೆ 2021ರಲ್ಲಿ ಮುಖ ಗುರುತಿಸುವ ಕ್ರಮವೂ ಬಂದಿತು. ಮೊಬೈಲಿಗೆ ಬರುವ ಗುಪ್ತಸಂಖ್ಯೆಯು ಸುಲಭವೆಂದು ತೋರುತ್ತದೆ. ಆದರೆ ದಾಖಲಾದ ಮೊಬೈಲು ಬೆಂಗಳೂರಿನಲ್ಲಿ ಕೂಲಿಗಿರುವ ಮಗನ ಜೇಬಿನಲ್ಲಿರುತ್ತದೆ.

ಯಾವ ಯಂತ್ರವೂ ಒಪ್ಪದಿದ್ದರೆ? ಬೆರಳಚ್ಚು ತಾಳೆಯಾಗದವರಿಗೂ ಪಡಿತರ ಮೊದಲಾದವನ್ನು ನಿರಾಕರಿಸದೆ, ಬೇರೆ ವಿಧಾನದಿಂದ ಗುರುತಿಸಿ ಕೊಡಬೇಕೆಂದು ಆಧಾರ್ ಪ್ರಾಧಿಕಾರವು 2017ರ ಅಕ್ಟೋಬರಿನಲ್ಲಿ ಸುತ್ತೋಲೆ ಹೊರಡಿಸಿತು. 2018ರ ಸೆಪ್ಟೆಂಬರ್ 26ರ ತೀರ್ಪಿನಲ್ಲಿ ಸರ್ವೋಚ್ಚ ನ್ಯಾಯಾಲಯವೂ ಯಂತ್ರದ ವೈಫಲ್ಯದಿಂದ ಅರ್ಹರು ವಂಚಿತರಾಗಬಾರದೆಂಬುದನ್ನು ಎತ್ತಿ ಹೇಳಿತು. ಆದ್ದರಿಂದ “ಬೆರಳು ಬರಲಿಲ್ಲ” ಎಂಬುದು ಅಜ್ಜಿಯನ್ನು ಹಿಂದಕ್ಕೆ ಕಳುಹಿಸಲು ಕಾರಣವಾಗಲಾರದು. ಇದನ್ನು ಅವಳು ತಾನೇ ಹೇಳಲಾರಳು. ಜೊತೆಗೆ ಹೋದ ಓದಿದವರು ಹೇಳಬೇಕು.

ಹಾಗೆ ಜೊತೆಗೆ ಹೋಗುವವರಿಗೆ ಕೆಲವು ಮಾತು. ಹಿಂದಿನ ಒಂದು ವಾರ ರಾತ್ರಿ ಮಲಗುವಾಗ ಬೆರಳ ತುದಿಗೆ ಕೊಬ್ಬರಿ ಎಣ್ಣೆ ಸವರಿದರೆ ಚರ್ಮ ಮೆದುವಾಗುತ್ತದೆ. ಒತ್ತುವ ಹೊತ್ತಿಗೆ ಮಾತ್ರ ಎಣ್ಣೆ ಇರಕೂಡದು, ಅದು ಗಾಜಿಗೆ ಮೆತ್ತಿ ಮುಂದಿನವರ ಚಿತ್ರವನ್ನೂ ಕೆಡಿಸುತ್ತದೆ. ಬೆಚ್ಚನೆಯ ನೀರಿನಲ್ಲಿ ಕೈ ತೊಳೆದು, ಒರೆಸಿ, ಒದ್ದೆ ಬಟ್ಟೆಯನ್ನು ಒಮ್ಮೆ ಮುಟ್ಟಿಸಿದರೆ ಸಾಕು. ನೀರು ಹೆಚ್ಚಾದರೆ ತಗ್ಗುಗಳೂ ತುಂಬಿ ಚಿತ್ರವೆಲ್ಲ ಕಪ್ಪಾಗುತ್ತದೆ. ಹೆಬ್ಬೆರಳೊಂದನ್ನೇ ಹಿಡಿಯದೆ ಹತ್ತನ್ನೂ ಪರೀಕ್ಷಿಸಬೇಕು. ದುಡಿಮೆಯಲ್ಲಿ ಕಡಿಮೆ ಸವೆದದ್ದು ಎಡಗೈಯ ಉಂಗುರಬೆರಳೂ ಇರಬಹುದು. ತಾಳೆಯಾದ ಬೆರಳು ಯಾವುದೆಂದು ಪಡಿತರ ಚೀಟಿಯ ಹಿಂಬದಿಯಲ್ಲಿ ಬರೆದಿಡುವುದು ಒಳ್ಳೆಯದು. ಗಾಜನ್ನು ಒರೆಸಿಕೊಳ್ಳಬೇಕು. ನೇರವಾದ ಬಿಸಿಲು ಯಂತ್ರದ ಮೇಲೆ ಬೀಳುತ್ತಿದ್ದರೆ ಹೊರಬೆಳಕು ಒಳನುಗ್ಗಿ ಗೆರೆಗಳನ್ನು ಮಸುಕಾಗಿಸುತ್ತದೆ. ಅಂಥಲ್ಲಿ ಅಂಗೈಯಿಂದ ಮರೆ ಮಾಡಿಯೋ ಯಂತ್ರವನ್ನು ಬಾಗಿಲಿನಿಂದ ಒಳಗೋಡೆಯ ಕಡೆಗೆ ಸರಿಸಿಯೋ ಮತ್ತೆ ಒತ್ತಿಸಿ ನೋಡಬಹುದು.