42 ಎಂದಿದ್ದರೆ 1942ರದೇ ಎಂದಲ್ಲ

ಎರಡನೇ ಮಹಾಯುದ್ಧದ ಹಾರ್ಲೆ-ಡೇವಿಡ್‌ಸನ್ ಡಬ್ಲ್ಯುಎಲ್‌ಎ ಬೈಕಿನ ಎಂಜಿನ್ ಮೇಲೆ ‘42ಡಬ್ಲ್ಯುಎಲ್‌ಎ’ ಎಂದು ಒತ್ತಿದ್ದನ್ನು ಕಂಡೊಡನೆ ‘1942ರ ಗಾಡಿ’ ಎಂದು ತೀರ್ಪು ಕೊಡುವವರು ಬಹಳ. ಆದರೆ ಅಮೆರಿಕ ಯುದ್ಧಕ್ಕಿಳಿದ ಮೇಲೆ ತಯಾರಾದ ಈ ಬೈಕುಗಳನ್ನು, ಇಸವಿ ಬದಲಾದರೂ, 1942ರ ಮಾದರಿ ಎಂದೇ ಗುರುತಿಸಲಾಗುತ್ತಿತ್ತು. ಚಾಸಿಗೆ ಬೇರೆ ಸಂಖ್ಯೆಯೂ ಇರಲಿಲ್ಲ. ಎಂಜಿನ್ ಬದಲಾದರೆ ಗುರುತೂ ಬದಲಾಯಿತು. ಹಾಗಾಗಿ ಕಾಲನಿರ್ಣಯಕ್ಕೆ ಬಿಡಿಭಾಗಗಳನ್ನೇ ಕೇಳಬೇಕು. ಕ್ರ್ಯಾಂಕ್‌ಕೇಸಿನ ಎರಡು ಹೋಳುಗಳ ತಳದಲ್ಲಿರುವ ಸಂಖ್ಯೆಗಳು ತಾಳೆಯಾದರೆ ಅವು ಹುಟ್ಟಿನಿಂದ ಜೋಡಿ. ದುಂಡನೆಯ ಏರ್ ಕ್ಲೀನರ್ ಮೊದಲಿನದು, ಆಯತಾಕಾರದ್ದು ಆಮೇಲಿನದು. ಟ್ಯಾಂಕಿನ ಮೇಲಿನ ಫಲಕದಲ್ಲಿ ಸೇನೆಗೆ ಒಪ್ಪಿಸಿದ ದಿನಾಂಕವೇ ಇರುತ್ತದೆ. ಆದರೆ ಅದರ ನಕಲು ಮಾರುಕಟ್ಟೆಯಲ್ಲಿ ಸುಲಭವಾಗಿ ಸಿಗುತ್ತದೆ, ಫಲಕವನ್ನು ಕೂರಿಸಲು ಸ್ಕ್ರೂಡ್ರೈವರ್ ಸಾಕು!

ಸೇನೆಯೇ ರಿಪೇರಿಯಲ್ಲಿ ಭಾಗಗಳನ್ನು ಅದಲುಬದಲು ಮಾಡಿರುವಾಗ ಈ ಪತ್ತೇದಾರಿಕೆ ಯಾಕೆ ಎಂದು ಕೇಳಬಹುದು. ಆಕ್ಷೇಪ ನ್ಯಾಯವಾದದ್ದೇ. ಆದರೆ ಅದರಿಂದ ಕುಸಿಯುವುದು ‘ಗಾಡಿಗೆ ಒಂದೇ ಹುಟ್ಟುದಿನ’ ಎಂಬ ಹಟವೇ ಹೊರತು ಪರೀಕ್ಷೆಯಲ್ಲ. ಮೊದಲಿನ ಚಾಸಿಗೆ ತಡವಾದ ಏರ್ ಕ್ಲೀನರ್ ಕೂತಿದ್ದರೆ ಅದನ್ನು ಖೋಟಾ ಎನ್ನುವ ಮೊದಲು ರಿಪೇರಿಯ ಸಾಧ್ಯತೆ ನೋಡಬೇಕು. ನನಗಂತೂ ಪ್ರತಿ ನಟ್ಟೂ ಒಂದೇ ತಿಂಗಳದ್ದು ಎನ್ನುವ ಗಾಡಿಯ ಮೇಲೆಯೇ ಹೆಚ್ಚು ಅನುಮಾನ. ಮಿತ್ರದೇಶಗಳಿಗೆ ಯುದ್ಧಸಾಮಗ್ರಿ ಒದಗಿಸುವ ಅಮೆರಿಕದ ಲೆಂಡ್-ಲೀಸ್ ಯೋಜನೆಯಡಿ ಸುಮಾರು 30,000 ಡಬ್ಲ್ಯುಎಲ್‌ಎಗಳು ಸೋವಿಯತ್ ಒಕ್ಕೂಟಕ್ಕೆ ಹೋದವು; ಅಲ್ಲಿಂದ ಮರಳಿ ಬಂದ ಒಂದರಲ್ಲಿ ಸ್ಥಳೀಯ ಬೆಸುಗೆ ಕಂಡರೆ ಅದೂ ಗಾಡಿಯ ಚರಿತ್ರೆಯೇ, ಉಜ್ಜಿ ಅಳಿಸುವ ಮೊದಲು ಫೋಟೋ ತೆಗೆದಿಡುವುದು ಒಳ್ಳೆಯದು.